ಮಗಳ ಕೋಣೆಗೊಂದು ಮೇಜು

ಏಪ್ರಿಲ್ 3, ಗುರುವಾರ

ಮೂರು ಪ್ಯಾಂಟು, ಒಂದು ಕೋಟಿನ ಕಾಲರ್. ಅಷ್ಟೇ ಹೊಲಿದದ್ದು. ಅಂಗಡಿ ಬೇಗ ಮುಚ್ಚಿ ಮತ್ತೆ ಹಳೇ ಸಾಮಾನಿನವನ ಹತ್ತಿರ ಓಡಿದೆ. ಕನ್ನಡಿ ಸಿಕ್ಕಿತು — ತೇಗದ ಚೌಕಟ್ಟು, ಒಂದು ಮೂಲೆ ಮಸುಕು. ನನ್ನ ಮುಖಕ್ಕಾದರೆ ಪೂರ್ತಿ ಮಸುಕಾಗಿದ್ದರೂ ನಡೆಯುತ್ತಿತ್ತು. ಇದು ಮಗಳ ಕೋಣೆಗೆ.

ನಾಲ್ಕು ವರ್ಷದ ಮೇಲೆ ಬರುತ್ತಿದ್ದಾಳೆ. ಎರಡು ದಿನಕ್ಕೆ. ಇಷ್ಟವಾದರೆ ರಜೆಯೆಲ್ಲ ಇಲ್ಲೇ ಇರಲಿ ಅಂತ ಅವಳ ಅಮ್ಮ ವಕೀಲರ ಕೈಲಿ ಹೇಳಿಸಿದ್ದಾಳೆ. ನನ್ನ ಹತ್ತಿರ ಮಾತಾಡಿದರೆ ಮುತ್ತು ಉದುರಿಬಿಡುತ್ತದೇನೋ. ನಾನೂ ಮಾತಾಡಿಲ್ಲ, ಬಿಡು.

ಏಪ್ರಿಲ್ 6, ಭಾನುವಾರ

ಓದುವ ಮೇಜು ಬೇಕು ಅಂದೆ.

“ಹುಡುಗಿ ಎಷ್ಟು ಎತ್ತರ ಇದಾಳೆ ಮಾಸ್ಟರೇ?” ಹಳೇ ಸಾಮಾನಿನವನು ಕೇಳಿದ.

ಎದೆಗಿಂತ ಸ್ವಲ್ಪ ಕೆಳಗೆ ಕೈ ಹಿಡಿದು ತೋರಿಸಿದೆ. ಯೋಚನೆಯೇ ಮಾಡಲಿಲ್ಲ.

ಯಾವುದೋ ಹಳೇ ಸ್ಕೂಲಿನದಂತೆ. ಡ್ರಾಯರಿನೊಳಗೆ ಯಾರೋ ದೋಣಿ ಕೆತ್ತಿದ್ದಾರೆ. ಅದನ್ನು ಹಾಗೇ ಬಿಟ್ಟು ಉಳಿದದ್ದೆಲ್ಲ ಉಜ್ಜಿದೆ. ಭುಜ ಬಿದ್ದುಹೋಗಿದೆ. ಆದರೂ ಭಾನುವಾರ ಇಷ್ಟು ಬೇಗ ಕಳೆದು ಎಷ್ಟು ಕಾಲವಾಯಿತೋ.

ಏಪ್ರಿಲ್ 14, ಸೋಮವಾರ

ಕೋಣೆ ರೆಡಿ. ಹಿತ್ತಾಳೆ ಲ್ಯಾಂಪಿಗೆ ಹೊಸ ವೈರ್. ಪರದೆ ನಾನೇ ಹೊಲಿದೆ. ಬಾಗಿಲಲ್ಲಿ ನಿಂತು “ಹೇಗಿದೆ?” ಅಂತ ಜೋರಾಗಿಯೇ ಕೇಳಿದೆ. ಕೇಳಿದ್ದು ಯಾರನ್ನೋ… ಮನೆ ತುಂಬ ಸಾಮಾನು, ಮಾತಿಗೆ ಒಂದು ಜೀವ ಇಲ್ಲ.

ಏಪ್ರಿಲ್ 19, ಶನಿವಾರ, ಮಧ್ಯಾಹ್ನ

ಬಂದಳು. ನನ್ನ ಕಿವಿಯವರೆಗೆ ಬರುತ್ತಾಳೆ.

ಮೇಜಿನ ಮುಂದೆ ಕೂತಳು. ಮೊಣಕಾಲು ಒಳಗೆ ಹೋಗಲಿಲ್ಲ. ಓರೆಯಾಗಿ ಕೂತು, “ಚೆನ್ನಾಗಿದೆ ಅಪ್ಪ” ಅಂದಳು.

ರಸ್ತೆಯಲ್ಲಿ ಹೋಗುವವರ ಅಳತೆ ಕಣ್ಣಲ್ಲೇ ಹೇಳುವವನು ನಾನು. ಸ್ವಂತ ಮಗಳನ್ನು ಮಾತ್ರ ಒಂಬತ್ತು ವರ್ಷಕ್ಕೇ ನಿಲ್ಲಿಸಿಬಿಟ್ಟಿದ್ದೆ. ನಾಚಿಕೆಯಾಯಿತು.

ಮರದ ತುಂಡು ತಂದಿದ್ದೇನೆ. ಮೇಜಿನ ಕಾಲಿಗೆ ನಾಲ್ಕು ಇಂಚು ಕೂಡಿಸಿದರೆ ಸರಿಹೋಗುತ್ತದೆ.

ಏಪ್ರಿಲ್ 20, ಭಾನುವಾರ, ಸಂಜೆ

ಅವಳ ಚಿಕ್ಕಮ್ಮ ಬಂದು ಕರೆದುಕೊಂಡು ಹೋದಳು. ಮೇಜು ಮುಗಿಯಿತು. ಒಂದು ಚೂರೂ ಅಲ್ಲಾಡುವುದಿಲ್ಲ.

ಗೇಟಿನ ಹತ್ತಿರ “ರಜೆಗೆ ಬರ್ತೀಯಲ್ಲ?” ಅಂದೆ.

“ನೋಡ್ತೀನಿ.”

ಏಪ್ರಿಲ್ 28, ಸೋಮವಾರ

ವಕೀಲರ ಫೋನು. ಬರುವುದಿಲ್ಲವಂತೆ.

ಲ್ಯಾಂಪು ಹಿಡಿಸಲಿಲ್ಲವೋ, ಕನ್ನಡಿಯೋ… ತಡೆಯಲಾರದೆ ಅವಳ ಅಮ್ಮನಿಗೇ ಫೋನ್ ಮಾಡಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ. “ಅವಳಿಗೆ ಎಂಥದು ಇಷ್ಟ ಹೇಳು, ಎಲ್ಲಾ ಬದಲಾಯಿಸ್ತೀನಿ” ಅಂದೆ.



“ನನ್ನನ್ನ ಯಾಕೆ ಕೇಳ್ತೀರಿ? ಎರಡು ದಿನ ನಿಮ್ಮ ಎದುರಿಗೇ ಇದ್ಲಲ್ಲ.” ಸಿಟ್ಟಿನಿಂದಲೂ ಹೇಳಲಿಲ್ಲ.

ಇದ್ದಳು. ನಾನು ಮೇಜು ಬೋರಲು ಹಾಕಿಕೊಂಡು ಕೂತಿದ್ದೆ. ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಎರಡು ಸಲ — ಅಲ್ಲ, ಮೂರು ಸಲ — “ಅಪ್ಪಾ…” ಅಂದಳು. “ಇರು ಪುಟ್ಟಿ, ಇದೊಂದು ಸ್ಕ್ರೂ” ಅಂದೆ. ಆಮೇಲೆ ತಲೆ ಎತ್ತಿ ನೋಡಿದರೆ ಬಾಗಿಲಲ್ಲಿ ಅವಳಿರಲಿಲ್ಲ.