ವಡೆ ಕರೀತೀವೋ ಇಲ್ವೋ

ಸುನ್‌ಯೇ ಅಕ್ಕನಿಗೆ,

ಕಂಪನಿಯೊಳಗೆ ನಿಮ್ಮನ್ನು ‘ಅಧ್ಯಕ್ಷರೇ’ ಎಂದೇ ಕರೆಯಬೇಕು. ಇವತ್ತು ಅದು ನನ್ನಿಂದಾಗದು. ಬುಸಾನಿನ ಮೀನು ಮಾರುಕಟ್ಟೆಯ ಮೂಲೆಯಲ್ಲಿ, ನಿಮ್ಮ ಅಮ್ಮನ ಅಂಗಡಿಯಲ್ಲಿ, ಒಂದೇ ಬಾಣಲೆಯ ಮುಂದೆ ನಿಂತು ಮೀನುವಡೆ ಕರಿದವರು ನಾವಿಬ್ಬರು. ನಾನು ಕೈ ಸುಟ್ಟುಕೊಂಡಾಗ ಓಡಿಬಂದು ತಣ್ಣೀರು ಸುರಿದವರು ನೀವು. ಒಡಹುಟ್ಟದಿದ್ದರೂ ಅಕ್ಕನಾದ ನಿಮಗೇ ಬರೆಯುತ್ತಿದ್ದೇನೆ.

ನೀವು ಕೇಳಿದ್ದು ತಪ್ಪೊಪ್ಪಿಗೆ ಪತ್ರ. ತಪ್ಪು ಮಾಡಿದವರು ನಡೆದದ್ದನ್ನೆಲ್ಲ ಬರೆದು, ಕೊನೆಗೆ ‘ಇನ್ನೆಂದೂ ಹೀಗಾಗದು’ ಎಂದು ಸೇರಿಸಿ ಮುದ್ರೆ ಒತ್ತುವುದು ನಮ್ಮ ವಾಡಿಕೆ. ನಡೆದದ್ದನ್ನು ಬರೆಯುತ್ತೇನೆ. ಆ ಕೊನೆಯ ಸಾಲನ್ನು ಬರೆಯುವುದಿಲ್ಲ.

ಕಂಪನಿಯ ಹೊಸ ಆಶಯವನ್ನು ಎಲ್ಲರಿಗೂ ತಿಳಿಯುವ ಹಾಗೆ ಹೇಳು ಎಂದು, ಸಿಬ್ಬಂದಿ ವಿಭಾಗದ ಮುಖ್ಯಸ್ಥೆಯಾದ ನನಗೆ ನೀವೇ ಒಪ್ಪಿಸಿದ್ದಿರಿ. ಸೋಮವಾರ ಬೆಳಗಿನ ಸಭೆಯಲ್ಲಿ, ಸಿಯೋಲ್‌ನ ಸಲಹೆಗಾರರು ಬರೆದುಕೊಟ್ಟ ವಾಕ್ಯವನ್ನು ಓದಿದೆ: ‘ಕಡಲಿನ ಮೌಲ್ಯವನ್ನು ನಾಳೆಯ ಬದುಕಿನೊಂದಿಗೆ ಬೆಸೆಯುವ ಚುರುಕಿನ ಸಂಗಾತಿ.’ ಬಿಳಿ ಟೊಪ್ಪಿಗೆ, ರಬ್ಬರ್ ಬೂಟು ಹಾಕಿಕೊಂಡ ಹೆಂಗಸರು ನನ್ನನ್ನೇ ನೋಡುತ್ತ ನಿಂತರು. ಇನ್ನೊಮ್ಮೆ ಓದಿದೆ. ಕರಿಯುವ ವಿಭಾಗದ ಬೊಂಗ್‌ನಾಮ್ ಚಿಕ್ಕಮ್ಮ ಕೈಗವಸು ತೆಗೆದು, “ಅದೆಲ್ಲ ಇರ್ಲಿ ಕಣಮ್ಮ, ನಾವು ವಡೆ ಕರೀತೀವೋ ಇಲ್ವೋ? ಅದನ್ನ ಹೇಳು” ಎಂದರು. ಹಿಂದಿನಿಂದ ಯಾರೋ, “ಸಂಗಾತಿ ಅಂತೆ ಚಿಕ್ಕಮ್ಮ, ಈ ವಯಸ್ಸಲ್ಲಿ ನಿಂಗೆ ಗಂಡು ಹುಡುಕಿದಾರೆ” ಎಂದಳು. ಎಲ್ಲರೂ ನಕ್ಕರು. ಚಿಕ್ಕಮ್ಮ ಮಾತ್ರ ನಗದೆ ನನ್ನ ಉತ್ತರಕ್ಕೆ ಕಾದರು.

ಶರತ್ಕಾಲಕ್ಕೆ ಇಲ್ಲಿನ ಒಲೆಗಳು ಆರುತ್ತವೆ, ಗಿಮ್ಹೆಯ ಹೊಸ ಕಾರ್ಖಾನೆಯಲ್ಲಿ ಯಂತ್ರವೇ ಕರಿಯುತ್ತದೆ, ಇವರಲ್ಲಿ ಅರ್ಧ ಜನಕ್ಕೆ ಅಲ್ಲಿ ಜಾಗವಿಲ್ಲ. ಇದು ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ‘ವಿವರ ಮುಂದೆ ತಿಳಿಸಲಾಗುವುದು’ ಎಂದು ಜಾರಿಕೊಳ್ಳಬಹುದಿತ್ತು. ಆದರೆ ಚಿಕ್ಕಮ್ಮ, ಕೆಲಸಕ್ಕೆ ಹತ್ತಿರವಾಗಲಿ ಎಂದು ಈ ಕಾರ್ಖಾನೆಯ ಹಿಂದಿನ ಬೀದಿಗೇ ಮನೆ ಬದಲಾಯಿಸುವವರಿದ್ದರು. ಅದು ನೆನಪಾಗಿ ನನ್ನ ಬಾಯಿ ಸುಮ್ಮನಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಯಾರೂ ಕೂಗಾಡಲಿಲ್ಲ. ಚಿಕ್ಕಮ್ಮ, “ಈಗ ಅರ್ಥ ಆಯ್ತು” ಎಂದು ಕೈಗವಸು ಹಾಕಿಕೊಂಡರು. ಅಂದಿನ ವಡೆಯನ್ನೆಲ್ಲ ಕರಿದು ಮುಗಿಸಿಯೇ ಮನೆಗೆ ಹೋದರು. ಕೂಗಾಡಿದವರು ಮೇಲಿನ ಮಹಡಿಯಲ್ಲಿದ್ದ ನೀವು. “ನಾನು ಹೇಳು ಅಂದಿದ್ದು ಆಶಯ. ನೀನು ಸುದ್ದಿ ಹೇಳಿ ಬಂದಿದೀಯ” ಎಂದಿರಿ. ಅಕ್ಕ, ಅನ್ನ ಕಳೆದುಕೊಳ್ಳುವವರಿಗೆ ಆ ಸುದ್ದಿ ಬಿಟ್ಟು ನಿಮ್ಮ ಆಶಯದಲ್ಲಿ ಬೇರೇನಿದೆ?

ಯಂತ್ರ ತರುವುದೇ ತಪ್ಪೆಂದು ನಾನು ವಾದಿಸುತ್ತಿಲ್ಲ. ಕೈಯಲ್ಲೇ ಕರಿಯುತ್ತಿದ್ದರೆ ಕಂಪನಿ ಉಳಿಯದು ಎಂಬ ನಿಮ್ಮ ಮಾತು ಸರಿಯಿರಬಹುದು. ಹಾಗಿದ್ದರೆ ಅದನ್ನೇ ಹೇಳಿ. ಒಳ್ಳೆಯ ಮೀನು ಸಿಗದ ದಿನ ನಿಮ್ಮ ಅಮ್ಮ ಗಿರಾಕಿಗಳಿಗೆ, “ಇವತ್ತು ರುಚಿ ಇಲ್ಲ, ಪಕ್ಕದಂಗಡಿಗೆ ಹೋಗಿ” ಎನ್ನುತ್ತಿದ್ದರು. ಅದಕ್ಕೆ ಅವರು ಸಿಯೋಲ್‌ನಿಂದ ಯಾರನ್ನೂ ಕರೆಸಲಿಲ್ಲ. ನಿಮ್ಮ ಮೇಲೆ ನನಗೆ ವಿಪರೀತ ಸಿಟ್ಟಿದೆ. ನೀವು ಬೇರೆ ಯಾರೋ ಆಗಿದ್ದರೆ ಇಷ್ಟು ಬರುತ್ತಿರಲಿಲ್ಲ.

ತಪ್ಪೊಪ್ಪಿಕೊಳ್ಳದಿದ್ದರೆ ಕೆಲಸದಿಂದ ತೆಗೆಯುತ್ತೇನೆ ಎಂದಿದ್ದೀರಿ. ತೆಗೆಯಿರಿ. ಆದರೆ ಮುಂದಿನ ಸೋಮವಾರ ನೀವೇ ಕೆಳಗಿಳಿದು ಬನ್ನಿ. ಆ ಹೆಂಗಸರ ಎದುರು ನಿಂತು, ನನ್ನನ್ನು ಯಾಕೆ ತೆಗೆದಿರಿ ಎಂಬುದನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ. ನಾನೂ ಅವರ ಸಾಲಿನಲ್ಲೇ ನಿಂತು ಕೇಳುತ್ತೇನೆ.

ನಿಮ್ಮ ನಾಲಿಗೆಗೆ ಆ ಧೈರ್ಯ ಬರಲಿ ಎಂದು ಹಾರೈಸುವ,

ನಿಮ್ಮ ತಂಗಿ
ಇನ್‌ಹೀ