ಒಂಬತ್ತನೆಯ ಊರಿನ ಮೊಹರು

ಮೊಂಬ್ರಾಕ್, ಸೆಲೆ ನದಿಯ ದಂಡೆ
ಬುಧವಾರ, 14 ಸೆಪ್ಟೆಂಬರ್ 2016

ಪ್ರೀತಿಯ ತಮ್ಮ ರೆಮಿ,

ಹೇಗಿದ್ದೀಯೋ? ಮಂಡಿಯ ಆಪರೇಷನ್ ಆಯಿತೆಂದು ಹೊಸವರ್ಷದ ಕಾರ್ಡಿನಲ್ಲಿ ನಿನ್ನ ಮೊನಿಕ್ ಒಂದು ಸಾಲು ಬರೆದಿದ್ದಳು. ಈಗ ಮೆಟ್ಟಿಲು ಹತ್ತಿ ಇಳಿಯುತ್ತೀಯಾ? ಡಂಕರ್ಕಿನ ಸಮುದ್ರದ ಗಾಳಿ ಮಂಡಿಗೆ ಒಳ್ಳೆಯದಲ್ಲ, ಉಣ್ಣೆಯ ಪಟ್ಟಿ ಕಟ್ಟಿಕೋ. ಕಟ್ಟಿಕೊಳ್ಳುವುದಿಲ್ಲ ಬಿಡು, ಅಕ್ಕನ ಮಾತನ್ನು ನೀನು ಯಾವತ್ತು ಕೇಳಿದ್ದೀಯ? ನನಗೆ ಎಪ್ಪತ್ತನಾಲ್ಕಾಯಿತು. ಸಕ್ಕರೆ ಕಾಯಿಲೆ ಹಿಡಿದಿದೆ. ಡಾಕ್ಟರು ವಾಲ್‌ನಟ್ ಕೇಕು ಬಿಡಬೇಕು ಅಂದರು, ಡಾಕ್ಟರ ಎದುರಿಗೆ ಬಿಟ್ಟಿದ್ದೇನೆ. ಕೆಫೆಯನ್ನು ಇನ್ನೂ ನಾನೇ ನಡೆಸುತ್ತಿದ್ದೇನೆ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಮಧ್ಯಾಹ್ನ ಹನ್ನೆರಡಕ್ಕೆ ಹಾಕಿ, ಎರಡಕ್ಕೆ ಮತ್ತೆ ತೆಗೆಯುವುದು. ಅದೊಂದು ಬದಲಾಗಿಲ್ಲ. ಈ ಕಣಿವೆಯಲ್ಲಿ ಊಟಕ್ಕೆ ಕೂತವರು ಮನೆಗೆ ಬೆಂಕಿ ಬಿದ್ದರೂ ಎರಡರವರೆಗೆ ಏಳುವುದಿಲ್ಲ ಎಂದು ನಿನಗೆ ಹೇಳಬೇಕಾಗಿಲ್ಲ.

ಊರಿನ ಸಮಾಚಾರ ಬಹಳವೇನಿಲ್ಲ. ಅಂಜೂರ ಈ ಸಲ ಗೊಂಚಲು ಗೊಂಚಲು, ತಿನ್ನುವವರಿಲ್ಲದೆ ಕಣಜದ ಹುಳುಗಳ ಪಾಲು. ನದಿಯಲ್ಲಿ ನೀರು ಕಡಿಮೆ. ಸೈಕಲ್ಲಿನವರು ಮಾತ್ರ ದಂಡಿಯಾಗಿ ಬರುತ್ತಾರೆ. ಡಚ್ಚರು, ಬೆಲ್ಜಿಯಂನವರು, ಸೈಕಲ್ಲಿನ ಎರಡೂ ಪಕ್ಕ ಚೀಲ ನೇತುಹಾಕಿಕೊಂಡು, ಹೆಂಡತಿ ಮಕ್ಕಳ ಸಮೇತ. ಬ್ಯಾಟರಿ ಸೈಕಲ್ಲುಗಳೂ ಬಂದುಬಿಟ್ಟಿವೆ. ಗ್ಯಾರೇಜಿನ ಫೆರ್ನಾಂ ಎಂಬತ್ತು ದಾಟಿದರೂ ನಾಲಿಗೆ ಮೊಂಡಾಗಿಲ್ಲ. ಅವುಗಳನ್ನು ಕಂಡಾಗೆಲ್ಲ "ಇವ್ರು ಸೈಕಲ್ ತುಳೀತಾರೋ, ಸೈಕಲ್ಲೇ ಇವ್ರನ್ನ ತುಳಿಯುತ್ತೋ!" ಅಂತಾನೆ. ಅವರೆಲ್ಲ ಹೋಗುವುದು ನೀನು ಹಾಕಿಕೊಟ್ಟ ದಾರಿಯಲ್ಲೇ. ಎಡದಂಡೆಯಲ್ಲಿ ಮೇಲಕ್ಕೆ, ಬಲದಂಡೆಯಲ್ಲಿ ಕೆಳಕ್ಕೆ, ಲಾರಿ ರಸ್ತೆಯ ಕಡೆ ತಲೆ ಹಾಕದೆ, ಹನ್ನೆರಡು ಊರು. ಕವಲಿನ ಕಲ್ಲುಗಳಿಗೆ ನೀನು ಬಳಿದ ಬಿಳಿ ಬಾಣಗಳ ಮೇಲೆಯೇ ಸೈಕಲ್ ಕ್ಲಬ್ಬಿನವರು ಎರಡು ವರ್ಷಕ್ಕೊಮ್ಮೆ ಬಣ್ಣ ಹಚ್ಚುತ್ತಾರೆ. ಕಾರ್ಡೂ ಅದೇ, ಹನ್ನೆರಡು ಚೌಕದ್ದು, ಊರಿಗೊಂದು ಮೊಹರು. ಒಂಬತ್ತನೆಯ ಚೌಕ ನಮ್ಮ ಊರಿನದು. ಬೆವರು ಒರೆಸಿಕೊಳ್ಳುತ್ತಾ "ಮೇಡಂ, ಮೊಹರು ಹಾಕ್ತೀರಾ?" ಎಂದು ಮುಂದೆ ಹಿಡಿಯುತ್ತಾರೆ. ಬೇಸಿಗೆಯೊಂದರಲ್ಲೇ ಮುನ್ನೂರು ಹಾಕುತ್ತೇನೆ. ಮೂವತ್ತೊಂದು ವರ್ಷದಲ್ಲಿ ನಿನ್ನ ನೆನಪಾಗದೆ ಒಂದು ಸಲವೂ ಹಾಕಿಲ್ಲ ಕಣೋ.

ಅದರ ಬಗ್ಗೆಯೇ ಬರೆಯಬೇಕೆಂದು ಕೂತಿದ್ದೇನೆ. ಅಂಜೂರ, ನದಿ ಎಂದೆಲ್ಲ ಸುತ್ತಿ ಬಳಸಿದ್ದು ಧೈರ್ಯ ಸಾಲದೆ. ಕ್ಲಬ್ಬಿಗೆ ಈಗ ಅಧ್ಯಕ್ಷೆ ಕ್ಲೆಮಾನ್ಸ್, ಫೆರ್ನಾಂನ ಮೊಮ್ಮಗಳು, ಗಟ್ಟಿ ಹುಡುಗಿ. ಸೇತುವೆಯ ಬಳಿ ದಾರಿಯ ನಕ್ಷೆ ಬರೆದ ದೊಡ್ಡ ಫಲಕ ನಿಲ್ಲಿಸುತ್ತಾಳಂತೆ. ದಾರಿಯನ್ನು ಮೊಟ್ಟಮೊದಲು ಪೂರ್ತಿ ತುಳಿದವರ ಹೆಸರೂ ಅದರಲ್ಲಿ ಇರಬೇಕಂತೆ. ಮೂರು ವಾರದ ಹಿಂದೆ ಕೆಫೆಗೆ ಬಂದು, "ಅಜ್ಜಿ, ಹಳಬರಲ್ಲಿ ನೀವೊಬ್ರೇ ಸರಿಯಾಗಿ ನೆನಪಿಟ್ಕೊಂಡಿರೋರು. ಮೊದಲನೇ ಕಾರ್ಡು ಯಾರ್ದು? ರೆಮಿ ಅಂತ ಒಬ್ರಿದ್ರಂತೆ, ಮೋಸ ಮಾಡಿ ಸಿಕ್ಕಿಬಿದ್ರಂತೆ, ಹೌದಾ?" ಎಂದು ಕೇಳಿದಳು. ಆ ಮಗುವಿಗೆ ನೀನು ನನ್ನ ತಮ್ಮ ಎಂಬುದೇ ಗೊತ್ತಿಲ್ಲ. ನಾನು ಲೋಟ ಒರೆಸುತ್ತಾ ಏನೆಂದೆ ಗೊತ್ತೇ? "ನಂಗೆ ಅದೆಲ್ಲ ನೆನಪಿಲ್ಲಮ್ಮ." ಛೀ! ಅವಳು ತಲೆಯಾಡಿಸಿ ಮೊದಲಿಗನ ಜಾಗಕ್ಕೆ ತನ್ನ ಅಜ್ಜನ ಹೆಸರನ್ನು ಬರೆದುಕೊಂಡು ಹೋದಳು. ಲೋಟ ಒಣಗಿ ಎಷ್ಟೋ ಹೊತ್ತಾಗಿದ್ದರೂ ನಾನು ಒರೆಸುತ್ತಲೇ ನಿಂತಿದ್ದೆ.

ನೀನು ಮೊದಲ ಸಲ ಹನ್ನೆರಡೂ ಊರು ಸುತ್ತಿದ ವರ್ಷದ ಡಿಸೆಂಬರಿನಲ್ಲಿ ನಡೆದ ಕ್ಲಬ್ಬಿನ ಔತಣ ಕಣ್ಣಿಗೆ ಕಟ್ಟಿದಂತಿದೆ. ಬಾತುಕೋಳಿಯ ತಟ್ಟೆಗಳನ್ನು ತೆಗೆದು ಚೀಸ್ ಬಡಿಸಿದ್ದರಷ್ಟೆ. ಅಧ್ಯಕ್ಷ ದೆಲ್ಮಾಸ್ ನಿನ್ನ ಕಾರ್ಡನ್ನು ಎತ್ತಿ ಹಿಡಿದು, "ಒಂಬತ್ತನೇ ಮೊಹರು ತಲೆಕೆಳಗಾಗಿದೆಯಲ್ಲಪ್ಪ, ಇದು ಅಂಗಡಿಯವರ ಕೈ ಅಲ್ಲ" ಅಂದರು. ಮೊಹರು ಅಂಗಡಿಯವರ ಕೈಯಿಂದಲೇ ಬೀಳಬೇಕು ಎಂಬ ನಿಯಮ ಬರೆದವನೂ ನೀನೇ. ಪಂದ್ಯವಲ್ಲ, ಗಡಿಯಾರವಿಲ್ಲ, ಇಲ್ಲಿ ಇರುವುದು ಮೊಹರು ಮತ್ತು ಮಾತು ಎರಡೇ ಎಂದು ಹೇಳಿಕೊಂಡು ತಿರುಗುತ್ತಿದ್ದವನು ನೀನು. ಅಷ್ಟರಲ್ಲಿ ಫೆರ್ನಾಂ, "ಇವ್ನು ಅವತ್ತು ಹಾಲಿನ ವ್ಯಾನಲ್ಲಿ ಸೈಕಲ್ ಹೇರ್ಕೊಂಡು ಸೇತುವೆ ದಾಟಿದ್ದನ್ನ ನಾನೇ ಕಂಡೆ" ಎಂದುಬಿಟ್ಟ. ಅರವತ್ತು ಜನರ ಮುಂದೆ ದೆಲ್ಮಾಸ್ ನನ್ನ ಕಡೆ ತಿರುಗಿ, "ಆರ್ಲೆಟ್, ನಿನ್ನ ತಮ್ಮ ನಿನ್ನ ಅಂಗಡಿಗೆ ಬಂದಿದ್ನಾ?" ಎಂದು ಕೇಳಿದರು. ನೀನೂ ನನ್ನನ್ನೇ ನೋಡಿದೆ. ನಾನು, "ನಾನ್ ನೋಡ್ಲಿಲ್ಲಪ್ಪ, ಊಟಕ್ಕೆ ಕೂತಿದ್ದೆ" ಅಂದೆ. ಜನ ಗೊಳ್ಳೆಂದು ನಕ್ಕರು. ನೀನು ನಗಲಿಲ್ಲ. ದೆಲ್ಮಾಸರ ಕೈಯಿಂದ ಕಾರ್ಡು ತೆಗೆದುಕೊಂಡು ಮೇಜಿನ ಮೇಲಿಟ್ಟು, ಕೋಟು ಹಾಕಿಕೊಂಡು ಹೊರಟೆ. ಹದಿನೈದು ದಿನದಲ್ಲಿ ಡಂಕರ್ಕಿನ ಬಂದರಿನಲ್ಲಿ ಕೆಲಸ ಹಿಡಿದೆಯೆಂದು ಯಾರೋ ಹೇಳಿದರು. ಅಪ್ಪನ ಮಣ್ಣಿಗೆ ಬಂದಾಗಲೂ ಚರ್ಚಿನ ಹಿಂದಿನ ಸಾಲಿನಲ್ಲಿ ನಿಂತಿದ್ದು ಹೊರಟುಹೋದೆ.

ಹಾಗೇಕೆ ಅಂದೆ ಎಂದು ನೀನು ಒಂದು ದಿನವೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಊಟದ ಹೊತ್ತಿಗೆ ಬಂದು ಬಾಗಿಲು ಬಡಿಯುವ ಸೈಕಲ್ಲಿನವರ ಕಾಟ ತಾಳಲಾರದೆ ಮೊಹರನ್ನು ದಾರ ಕಟ್ಟಿ ಬಾಗಿಲ ಹಿಡಿಗೆ ನೇತುಹಾಕುತ್ತಿದ್ದೆ. ಅದನ್ನು ಒಪ್ಪಿಕೊಂಡಿದ್ದರೆ ಮೊಹರನ್ನು ನನ್ನಿಂದ ಕಿತ್ತು ಎದುರಿನ ಬೇಕರಿಯವಳಿಗೆ ಕೊಡುತ್ತಿದ್ದರು. ಆ ಜಂಬದವಳಿಗೆ! ಇದು ಒಂದು. ಇನ್ನೊಂದು, ನೀನು ಆ ದಾರಿ ತುಳಿದ ದಿನ ಭಾನುವಾರ. ಭಾನುವಾರ ಬೆಳಿಗ್ಗೆ ಬಂದು ಅಪ್ಪನಿಗೆ ಕ್ಷೌರ ಮಾಡುವುದು ನಿನ್ನ ಪಾಲಿನ ಕೆಲಸ, ಅದೊಂದೇ ಕೆಲಸ. ಮಿಕ್ಕ ಆರು ದಿನ ಅವರನ್ನು ಎತ್ತಿ ಕೂರಿಸಿ, ತೊಳೆದು, ತಿನ್ನಿಸಿ ನನ್ನ ಸೊಂಟ ಮುರಿದಿತ್ತು. ಅಪ್ಪ ಎಂಟು ಗಂಟೆಗೇ ಕುತ್ತಿಗೆಗೆ ಟವೆಲ್ ಸುತ್ತಿಸಿಕೊಂಡು "ರೆಮಿ ಬಂದ್ನಾ?" ಅಂತ ಕೇಳುತ್ತಾ ಕೂತಿದ್ದರು. ನೀನು ಹನ್ನೆರಡು ಊರು ಸುತ್ತಲು ಹೋಗಿದ್ದೆ. ಅವರು ಟವೆಲ್ ಬಿಚ್ಚಲು ಬಿಡದೆ ಹಾಗೆಯೇ ಊಟಕ್ಕೆ ಕೂತರು. ಆ ಸಿಟ್ಟು ಡಿಸೆಂಬರಿನವರೆಗೂ ಹೊಟ್ಟೆಯಲ್ಲಿತ್ತು. ಆದರೂ ನಾನು ಆಡಿದ್ದು ಸುಳ್ಳಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ನಾನು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೆ, ಯಾರೋ ಮೊಹರು ಒತ್ತಿದ ಸದ್ದು ಕೇಳಿತು, ಯಾರೆಂದು ತಿರುಗಿ ನೋಡಲಿಲ್ಲ, ಅಷ್ಟೆ.

ಕಳೆದ ವಾರ ಫೆರ್ನಾಂ ನನ್ನ ಕೌಂಟರಿಗೆ ಮೊಣಕೈ ಊರಿ, "ಆ ವ್ಯಾನಲ್ಲಿದ್ದಿದ್ದು ಸೈಕಲ್ಲೋ, ಹುಲ್ಲು ಕೆದಕೋ ಯಂತ್ರವೋ, ದೇವ್ರಿಗೇ ಗೊತ್ತು! ಅವತ್ತು ನಂಗೂ ಸ್ವಲ್ಪ ಜಾಸ್ತಿಯಾಗಿತ್ತು. ನೀನು ನೋಡ್ಲಿಲ್ಲ ಅಂದ್ಯಲ್ಲ, ಅದಕ್ಕೇ ನಾನ್ ಕಂಡಿದ್ದು ನಿಜ ಅಂದ್ಕೊಂಡೆ" ಎಂದ. ಅವನ ಮಾತಿಗೆ ನನ್ನ ಮಾತು ಆಧಾರ, ನನ್ನ ಮಾತಿಗೆ ಅವನದು. ನಡುವೆ ನಿನ್ನ ಹೆಸರು ಹಾಳಾಯಿತು. ಇದೇ 25ನೇ ತಾರೀಕು ಭಾನುವಾರ ಹತ್ತು ಗಂಟೆಗೆ ಕ್ಲಬ್ಬಿನ ಸಭೆ ಇದೆ, ಫಲಕಕ್ಕೆ ಹೆಸರು ಗೊತ್ತುಮಾಡುತ್ತಾರೆ. ನೀನು ಬಂದು ಕೇಳಿದರೆ ಕ್ಲೆಮಾನ್ಸ್ ಇಲ್ಲವೆನ್ನುವುದಿಲ್ಲ, ನ್ಯಾಯದ ಹುಡುಗಿ. ಫಿಜಾಕ್ ಸ್ಟೇಷನ್ನಿಗೆ ನಾನೇ ಕಾರು ತರುತ್ತೇನೆ. ನಿನ್ನ ಕೋಣೆಗೆ ಸುಣ್ಣ ಬಳಿಸಿದ್ದೇನೆ.

ಮೊನಿಕ್‌ಳ ಎರಡೂ ಕೆನ್ನೆಗೆ ನನ್ನ ಮುತ್ತು. ನಿನ್ನ ಮಂಡಿ ಬೇಗ ಗಟ್ಟಿಯಾಗಲಿ, ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಆರ್ಲೆಟ್

ತಾ.ಕ.: ಅಂಚೆಯವಳ ವ್ಯಾನು ಬೇಕರಿಯ ಮುಂದೆ ನಿಂತಿದೆ, ಬೇಗ ಬೇಗ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ. ಲಕೋಟೆಗೆ ಹಾಕುವ ಮೊದಲು ಒಂದು ಸಲ ಓದಿದೆ. ಎಲ್ಲ ಬಲ್ಲ ನಿನಗೇ ಮತ್ತೆ ಸುಳ್ಳು ಬರೆದಿದ್ದೇನಲ್ಲ, ನಾಚಿಕೆಯಿಂದ ಸಾಯುವಂತಾಯಿತು. ನಾನು ಬಾಗಿಲಿಗೆ ಬೆನ್ನು ಹಾಕಿರಲಿಲ್ಲ ರೆಮಿ, ಎದುರಿಗೇ ಕೂತಿದ್ದೆ. ನೀನು ಗಾಜಿನ ಆಚೆಯಿಂದ ಕಾರ್ಡು ಎತ್ತಿ ತೋರಿಸಿ ನಕ್ಕೆ. ನಾನು ಸೂಪಿನ ಚಮಚ ಎತ್ತಿ, ಅಲ್ಲೇ ನೇತಾಡ್ತಿದೆ, ನೀನೇ ಒತ್ಕೋ ಎಂದು ಸನ್ನೆ ಮಾಡಿದೆ. ಆಮೇಲೆ ಔತಣದಲ್ಲಿ ನಿನ್ನ ಮುಖ ನೋಡಿಕೊಂಡೇ ನೋಡಲಿಲ್ಲ ಅಂದೆ. ನೀನು ಬಂದು ಯಾರನ್ನೂ ಏನೂ ಕೇಳಬೇಕಾಗಿಲ್ಲ. ಭಾನುವಾರ ಸಭೆಯಲ್ಲಿ ಎದ್ದು ನಿಂತು ಇಷ್ಟನ್ನೂ, ಚಮಚದ ಸಮೇತ, ನಾನೇ ಹೇಳುತ್ತೇನೆ. ನೀನು ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ.