ನಾಳೆ ಸುಮಂಗಲಾಳಿಗೆ ಹೂ ಮುಡಿಸಬೇಡಿ

ಇಸವಿ ೨೧೩೧, ಹದಿಮೂರನೆಯ ತಿಂಗಳ ನಾಲ್ಕು

ಪೂಜ್ಯ ನೀಲವ್ವಜ್ಜಿಗೆ ನಿಮ್ಮ ಮೊಮ್ಮಗನ ಮೊಮ್ಮಗಳು ನೇಸರ ಮಾಡುವ ನಮಸ್ಕಾರಗಳು.

ತಾರೀಖು ಕಂಡು ಗಾಬರಿಯಾಗಬೇಡಿ. ಬೇಸಿಗೆ ಉದ್ದವಾಗುತ್ತಾ ಹೋಗಿ ಹನ್ನೆರಡು ತಿಂಗಳಲ್ಲಿ ಹಿಡಿಯದಾದಾಗ ನಮ್ಮ ಹಿರಿಯರು ಇನ್ನೊಂದನ್ನು ಸೇರಿಸಿದರು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಹಿಂದಿನ ಕಾಲದವರಿಗೆ ಕಾಗದ ಮುಟ್ಟಿಸುವ ‘ಹಿಂದಂಚೆ’ಯಲ್ಲಿ ಒಬ್ಬರಿಗೆ ಜನ್ಮಕ್ಕೆ ಒಂದೇ ಹಾಳೆ ಕೊಡುತ್ತಾರೆ. ನನ್ನ ಹಾಳೆಯನ್ನು ನಾಳೆ ನೀವು ಮಾಡಲಿರುವ ಒಂದು ಕೆಲಸಕ್ಕೆ ಬಳಸುತ್ತಿದ್ದೇನೆ. ಕೂತಲ್ಲಿ ಕೂರಲಾಗದೆ ನಾಲ್ಕು ಸಲ ಎದ್ದು ಓಡಾಡಿ ಇಷ್ಟು ಬರೆದಿದ್ದೇನೆ.

ನಾಳೆ ನೀವು ಮಗಳು ಸುಮಂಗಲಾಳನ್ನು ಜಿಲ್ಲಾಸ್ಪತ್ರೆಯ ವೈದ್ಯರ ಮಂಡಳಿಯ ಮುಂದೆ ಕರೆದೊಯ್ಯುತ್ತೀರಿ. ಆರು ವರ್ಷದಿಂದ ಅವಳ ಕಿವಿಯಲ್ಲಿ ಯಾರೋ ಮಾತಾಡುತ್ತಾರೆ. ಈ ಕಾಯಿಲೆ ನೂರಕ್ಕೆ ನಲವತ್ತರಷ್ಟಾದರೂ ಅವಳ ಬದುಕನ್ನು ತಡೆದಿದೆ ಎಂದು ವೈದ್ಯರು ಬರೆದುಕೊಟ್ಟರೆ ಅಂಗವಿಕಲರ ಪ್ರಮಾಣಪತ್ರ ಸಿಗುತ್ತದೆ, ಅದರಿಂದ ಮಾಸಾಶನ. ನಿಮ್ಮ ನಂತರ ಅವಳಿಗಿರುವ ಆಸರೆ ಅದೊಂದೇ ಎಂದು ನಿಮಗೂ ಗೊತ್ತು. ಆದರೂ ಏನು ಮಾಡುತ್ತೀರಿ? ಎಂಟು ದಿನದಿಂದ ನೀರು ಮುಟ್ಟದವಳಿಗೆ ಎರೆದು, ಎಣ್ಣೆ ಹಚ್ಚಿ ಜಡೆ ಹಾಕಿ, ಇಳಕಲ್ ಸೀರೆ ಉಡಿಸಿ, ಮಲ್ಲಿಗೆ ಮುಡಿಸುತ್ತೀರಿ. ಮೂರು ಸಲ ಅವಳನ್ನು ನೋಡಲು ಗಂಡಿನವರು ಬಂದಿದ್ದರಲ್ಲ, ಕೈ ಅದೇ ರೂಢಿಯಲ್ಲಿ ಓಡುತ್ತದೆ. ಮೇಜಿನ ಆಚೆ ಮೂವರು ಕೂತು, ಅಡುಗೆ ಮಾಡುತ್ತಾಳೆಯೇ, ತಾನೇ ಸ್ನಾನ ಮಾಡುತ್ತಾಳೆಯೇ, ಜನರೊಡನೆ ಹೊಂದಿಕೊಳ್ಳುತ್ತಾಳೆಯೇ ಎಂದು ಕೇಳಿದಾಗ ನಾಲಿಗೆಯೂ ಅದೇ ದಾರಿ ಹಿಡಿಯುತ್ತದೆ. “ಅಡಗಿ ಛಲೋ ಮಾಡ್ತಾಳ್ರೀ ಸಾಹೇಬ್ರ. ಮನೀ ಕೆಲಸೆಲ್ಲಾ ತಾನ ಮಾಡ್ತಾಳ. ಯಾರ ಜೋಡೀನೂ ಜಗಳಿಲ್ಲ, ಭಾಳ ಶಾಂತ ಹುಡುಗಿ.” ಒಲೆಯ ಮೇಲಿನ ಅನ್ನ ಸೀದು ಕರಕಾದರೂ ಅಲ್ಲೇ ನಿಂತಿರುತ್ತಾಳೆ ಎಂಬ ಮಾತನ್ನು ನುಂಗಿಬಿಡುತ್ತೀರಿ. ಅವರು ನೂರಕ್ಕೆ ಮೂವತ್ತೈದು ಎಂದು ಬರೆದು ಕಳಿಸುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ನಿಮ್ಮ ಮೇಲೆ ಸಿಟ್ಟು ಬರುತ್ತಿತ್ತು ಅಜ್ಜಿ.

ನೀವು ತೀರಿಕೊಂಡ ಮೇಲೆ ಸುಮಂಗಲಾ ಅಣ್ಣನ ಮನೆ, ತಂಗಿಯ ಮನೆ ಎಂದು ಬಟ್ಟೆಯ ಗಂಟು ಹೊತ್ತು ಹನ್ನೊಂದು ವರ್ಷ ತಿರುಗುತ್ತಾಳೆ. ಮಾತ್ರೆ ತಪ್ಪುತ್ತದೆ. ಒಂದು ದಿನ ಬಸ್ ನಿಲ್ದಾಣದಲ್ಲಿ ಗಂಟು ಮಾತ್ರ ಸಿಗುತ್ತದೆ.

ನಮ್ಮ ಕಾಲದಲ್ಲಿ ಮಂಡಳಿ ಇಲ್ಲ. ‘ಒಡವಾಸಿ’ ಎಂಬ ಒಬ್ಬರು ಬಂದು ಹನ್ನೆರಡು ದಿನ ನಮ್ಮ ಮನೆಯಲ್ಲೇ ಉಂಡು ಮಲಗಿ ಇರುತ್ತಾರೆ. ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ, ಕಂಡದ್ದನ್ನು ಬರೆಯುತ್ತಾರೆ, ಅದನ್ನು ನೋಡಿ ಮಾಸಾಶನ ಕೊಡುತ್ತಾರೆ. ನಿಮ್ಮ ಮಗಳ ಕಾಯಿಲೆ ನನಗೂ ಬಂದಿದೆ. ನಾಳೆ ನನ್ನ ಮನೆಗೆ ಒಡವಾಸಿ ಬರುತ್ತಾರೆ. ಬೆಳಗ್ಗೆಯಿಂದ ನಾನೇನು ಮಾಡಿದೆ ಗೊತ್ತೇ? ನೆಲ ತಿಕ್ಕಿದೆ. ವಾರದಿಂದ ತೊಳೆಯದ ತಟ್ಟೆಗಳನ್ನೆಲ್ಲ ಗಾಳಿಗಡಿಗೆಯ ಹಿಂದೆ ಬಚ್ಚಿಟ್ಟೆ. ಗಾಳಿಗಡಿಗೆ ಎಂದರೆ ಗಾಳಿಯಿಂದ ಕುಡಿಯುವ ನೀರು ಹಿಂಡಿ ಕೊಡುವ ಪಾತ್ರೆ. ಬಾಗಿಲಿಗೆ ರಂಗೋಲಿಯನ್ನೂ ಹಾಕಿದೆ. ಆಮೇಲೆ ನಿಮ್ಮ ನೆನಪಾಗಿ ನಗು ಬಂತು, ಅಳುವೂ ಬಂತು. ಸಿಟ್ಟು ಅಲ್ಲಿಗೇ ಹೋಯಿತು.

ಹಾಳೆ ಮುಗಿಯುತ್ತಿದೆ. ನಾನೀಗ ಎದ್ದು ಆ ತಟ್ಟೆಗಳನ್ನು ಮೊದಲಿದ್ದಲ್ಲಿಗೇ ತಂದಿಡುತ್ತೇನೆ. ನೀವೂ ನಾಳೆ ಹೂ ಮುಡಿಸಬೇಡಿ. ಅನ್ನ ಸೀದದ್ದನ್ನು ಹೇಳಿ. ಅವಳೆದುರು ಹೇಳಲು ಸಂಕೋಚವಾದರೆ ಅವಳ ಕೈ ಹಿಡಿದುಕೊಂಡು ಹೇಳಿ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನಿಮ್ಮನ್ನು ಕೇಳುತ್ತಾಳೆ: “ಯವ್ವಾ, ಅವ್ರು ನನ್ನ ಒಪ್ಪಿದ್ರೇನು?” ಆ ಮಾತಿಗೆ ನೀವು ಕಿಟಕಿಯ ಕಡೆ ಮುಖ ತಿರುಗಿಸಿದಿರೆಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ಈ ಸಲ ಅವಳ ಕಡೆ ತಿರುಗಿ ಹೂಂ ಎನ್ನಿ ಅಜ್ಜಿ.